ಮೂರು ದೇಶಗಳಲ್ಲಿ ದುಡಿದವರ ಮುಪ್ಪು ಯಾರ ಹೊಣೆ?

ಪ್ರಶ್ನೆ: ನನಗೀಗ 54 ವರ್ಷ. ವೃತ್ತಿಯಿಂದ ನರ್ಸ್. ಹುಟ್ಟಿದ ದೇಶದಲ್ಲಿ 8 ವರ್ಷ, ಆಮೇಲೆ ಇನ್ನೊಂದು ದೇಶದಲ್ಲಿ 4 ವರ್ಷ, ಈಗಿರುವ ದೇಶದಲ್ಲಿ 13 ವರ್ಷ ದುಡಿದಿದ್ದೇನೆ. ಮೂರೂ ಕಡೆ ಸಂಬಳದಿಂದ ಪಿಂಚಣಿಗೆಂದು ಹಣ ಕಡಿತವಾಗಿದೆ. ನಡುವಿನ ದೇಶದ ಪಿಂಚಣಿ ಕಚೇರಿಗೆ ಬರೆದು ಕೇಳಿದಾಗ, ಅಲ್ಲಿ ಕನಿಷ್ಠ 15 ವರ್ಷ ಪೂರೈಸದವರಿಗೆ ಪಿಂಚಣಿ ಇಲ್ಲವೆಂದೂ ಬೇಕಿದ್ದರೆ ಕಟ್ಟಿದ ಹಣವನ್ನು ಒಮ್ಮೆಗೇ ಹಿಂಪಡೆಯಬಹುದೆಂದೂ ಉತ್ತರ ಬಂತು. ಹುಟ್ಟಿದ ದೇಶದಲ್ಲಿರುವ ನನ್ನ ತಾಯಿಗೆ 82 ವರ್ಷ. ಮರೆವಿನ ಕಾಯಿಲೆ ಈಗಷ್ಟೇ ಶುರುವಾಗಿದೆ. ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟಿದ್ದೇವೆ. ಆಕೆಯೂ ತನ್ನ ಮಕ್ಕಳನ್ನು ದೂರದಲ್ಲಿ ಬಿಟ್ಟು ಬಂದವಳು. ನಾನು ಇಲ್ಲಿ ದಿನವೆಲ್ಲ ಬೇರೆಯವರ ತಾಯಂದಿರ ಆರೈಕೆ ಮಾಡುತ್ತೇನೆ. ನಿಮ್ಮಂಥವರು ಹೊರಟುಹೋದದ್ದರಿಂದಲೇ ಇಲ್ಲಿ ನರ್ಸುಗಳಿಲ್ಲ ಎಂದು ಬಂಧುಗಳು ಚುಚ್ಚುತ್ತಾರೆ. ವಿಶ್ವಸಂಸ್ಥೆ ವೃದ್ಧಾಪ್ಯಕ್ಕೆಂದು ಒಂದು ದಶಕವನ್ನೇ ಘೋಷಿಸಿದೆ, ಹಿರಿಯರ ಹಕ್ಕುಗಳಿಗೆ ಹೊಸ ಒಪ್ಪಂದ ಬರುತ್ತಿದೆ ಎಂದೆಲ್ಲ ಓದಿದೆ. ಇದರಿಂದ ನನಗಾಗಲಿ ನನ್ನ ತಾಯಿಗಾಗಲಿ ಏನಾದರೂ ಸಿಗುತ್ತದೆಯೇ, ಇಲ್ಲ ಇವೆಲ್ಲ ಸಮ್ಮೇಳನದ ಮಾತುಗಳೇ?

ಉತ್ತರ: ಮೊದಲು ಒಂದು ತುರ್ತು ಮಾತು. ನಡುವಿನ ದೇಶದಿಂದ ಹಣ ಹಿಂಪಡೆಯುವ ಅರ್ಜಿಗೆ ಸಹಿ ಹಾಕಿಲ್ಲವಾದರೆ, ಈ ಉತ್ತರವನ್ನು ಪೂರ್ತಿ ಓದುವವರೆಗೆ ಹಾಕಬೇಡಿ. ಕಾರಣವನ್ನು ಮುಂದೆ ವಿವರಿಸುತ್ತೇನೆ.

ನಿಮ್ಮ ಪತ್ರದಲ್ಲಿ ಹಲವು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಕಟ್ಟಿದ ವಂತಿಗೆ ಮುಳುಗಿತೇ ಎಂಬುದು ಒಂದು. ತಾಯಿಯ ಆರೈಕೆ ಮತ್ತೊಂದು. ದೇಶ ಬಿಟ್ಟು ಬಂದದ್ದು ತಪ್ಪೇ ಎಂಬ ಅಳುಕು ಮಗದೊಂದು. ಇವೆಲ್ಲದರ ಮೇಲೆ, ಅಂತಾರಾಷ್ಟ್ರೀಯ ಸಹಕಾರ ಎಂಬುದು ನಿಮ್ಮ ಬದುಕನ್ನು ಎಲ್ಲಿಯಾದರೂ ಮುಟ್ಟುತ್ತದೆಯೇ ಎಂಬ ಸಂದೇಹ. ದೇಶಗಳ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದಗಳ ಕರಡು ಸಿದ್ಧಪಡಿಸುವ ಮತ್ತು ಅವುಗಳ ಅಡಿಯಲ್ಲಿ ಬಂದ ಅರ್ಜಿಗಳನ್ನು ಪರಿಶೀಲಿಸುವ ಕೆಲಸದಲ್ಲಿ ಇದ್ದವನಾಗಿ ನನ್ನ ಅಭಿಪ್ರಾಯ ಇಷ್ಟು: ಮುಟ್ಟುತ್ತದೆ, ಆದರೆ ಸುದ್ದಿಯಾಗುವ ಜಾಗದಲ್ಲಿ ಅಲ್ಲ. ಯಾವ ಕಚೇರಿ ಯಾವ ನಮೂನೆಯನ್ನು ಯಾವ ಕಚೇರಿಗೆ ಕಳುಹಿಸಬೇಕು ಎಂದು ಎರಡು ಸರ್ಕಾರಗಳು ಒಪ್ಪಿ ಬರೆದುಕೊಂಡ ನೀರಸವಾದ ಪುಟಗಳಲ್ಲಿ ಸಹಕಾರವು ನಿಜಕ್ಕೂ ಕೆಲಸ ಮಾಡುತ್ತದೆ. ಉಳಿದೆಡೆ ಅದು ಬಹುಪಾಲು ಸಲಹೆ, ಆಶಯ ಮತ್ತು ಅಂಕಿಅಂಶಗಳ ವಿನಿಮಯ. ಅವಕ್ಕೂ ಬೆಲೆಯಿದೆ, ಆದರೆ ಅವನ್ನು ಹಿಡಿದು ನೀವು ಯಾವ ಕಚೇರಿಯ ಬಾಗಿಲನ್ನೂ ತಟ್ಟಲಾರಿರಿ.

ವಂತಿಗೆಯ ಪ್ರಶ್ನೆಯನ್ನೇ ಮೊದಲು ನೋಡೋಣ. ದೇಶ ಬಿಟ್ಟ ಮೇಲೆ ಅಲ್ಲಿ ಕಟ್ಟಿದ್ದೆಲ್ಲ ಹೋದಂತೆಯೇ ಎಂಬ ನಂಬಿಕೆ ಎಲ್ಲೆಡೆ ಇದೆ. ನಿಮಗೆ ಬಂದ ಉತ್ತರವೂ ಅದನ್ನೇ ಗಟ್ಟಿಮಾಡಿದೆ. ಆ ಕಚೇರಿ ಸುಳ್ಳು ಹೇಳಿಲ್ಲ. ತನ್ನ ದೇಶದ ಕಾನೂನನ್ನು ಮಾತ್ರ ನೋಡಿ ಉತ್ತರಿಸಿದೆ. ಬಹುತೇಕ ದೇಶಗಳು ಪಿಂಚಣಿಗೆ ಒಂದು ಕನಿಷ್ಠ ಅವಧಿಯನ್ನು ಇಟ್ಟುಕೊಂಡಿರುತ್ತವೆ: ಜರ್ಮನಿಯಲ್ಲಿ 5 ವರ್ಷ, ಅಮೆರಿಕದಲ್ಲಿ ಹೆಚ್ಚುಕಡಿಮೆ 10 ವರ್ಷ, ಸ್ಪೇನಿನಲ್ಲಿ 15 ವರ್ಷ. ಜಪಾನಿನಲ್ಲಿ 25 ವರ್ಷವಿದ್ದದ್ದನ್ನು 2017ರಲ್ಲಿ 10ಕ್ಕೆ ಇಳಿಸಲಾಯಿತು. ಒಂದೇ ದೇಶದಲ್ಲಿ ಬದುಕಿಡೀ ದುಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ನಿಯಮಗಳಿವು. ಮೂರು ದೇಶಗಳಲ್ಲಿ ಒಟ್ಟು 25 ವರ್ಷ ದುಡಿದ ನಿಮ್ಮಂಥವರು, ಪ್ರತಿ ದೇಶದ ಲೆಕ್ಕದಲ್ಲೂ ಅರೆಬರೆ ದುಡಿದವರಾಗಿ ಕಾಣುತ್ತೀರಿ.

ಇದಕ್ಕೆ ಕಂಡುಕೊಂಡ ಪರಿಹಾರವೇ ಅವಧಿಗಳನ್ನು ಒಟ್ಟುಗೂಡಿಸುವ ವ್ಯವಸ್ಥೆ. ನಿಮ್ಮದೇ ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ನಡುವಿನ ದೇಶಕ್ಕೂ ನೀವು ಈಗಿರುವ ದೇಶಕ್ಕೂ ಇಂಥ ಒಪ್ಪಂದ ಇದೆ ಎಂದುಕೊಳ್ಳಿ. ಆಗ ಅರ್ಹತೆಯನ್ನು ಅಳೆಯುವಾಗ ನಿಮ್ಮ 4 ವರ್ಷಕ್ಕೆ ಇಲ್ಲಿನ 13 ವರ್ಷವನ್ನು ಕೂಡಿಸಿ 17 ವರ್ಷ ಎಂದು ಲೆಕ್ಕ ಹಾಕುತ್ತಾರೆ. 15ರ ಗಡಿ ದಾಟಿದಂತಾಯಿತು. ಆಮೇಲೆ, ಈ 17 ವರ್ಷವನ್ನೂ ನೀವು ಅಲ್ಲಿಯೇ ದುಡಿದಿದ್ದರೆ ತಿಂಗಳಿಗೆ ಎಷ್ಟು ಪಿಂಚಣಿ ಬರುತ್ತಿತ್ತು ಎಂದು ಕಾಲ್ಪನಿಕವಾಗಿ ಕಂಡುಹಿಡಿಯುತ್ತಾರೆ. ಅದು 850 ಎಂದು ಬಂದರೆ, ಅದರಲ್ಲಿ 17ಕ್ಕೆ 4ರ ಪಾಲು, ಅಂದರೆ 200, ಆ ದೇಶ ನಿಮಗೆ ತಿಂಗಳು ತಿಂಗಳೂ ಕೊಡಬೇಕಾದ ಮೊತ್ತ. ಅಲ್ಲಿಯ ಹಣ ಇಲ್ಲಿಗೆ ವರ್ಗವಾಗುವುದಿಲ್ಲ, ಇಲ್ಲಿಯದು ಅಲ್ಲಿಗೂ ಹೋಗುವುದಿಲ್ಲ. ಪ್ರತಿಯೊಂದು ದೇಶವೂ ತನ್ನಲ್ಲಿ ದುಡಿದ ವರ್ಷಗಳಿಗೆ ಮಾತ್ರ ತಾನು ತೆರುತ್ತದೆ. ಎರಡು ಪಿಂಚಣಿ ಒಂದಾಗಿಬಿಡುತ್ತವೆ ಎಂದು ಅನೇಕರು ತಪ್ಪು ತಿಳಿದಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಈಗ ಅದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ನೋಡಿ. ನಡುವಿನ ದೇಶಕ್ಕೆ ನೀವು ಹುಟ್ಟಿದ ದೇಶದ ಜೊತೆ ಮಾತ್ರ ಒಪ್ಪಂದವಿದ್ದರೆ, 4 ಮತ್ತು 8 ಸೇರಿ 12 ಆಗುತ್ತದೆ, 15 ಮುಟ್ಟುವುದಿಲ್ಲ. ಎರಡೂ ದೇಶಗಳ ಜೊತೆ ಬೇರೆಬೇರೆ ಒಪ್ಪಂದಗಳಿದ್ದರೂ ಸಾಮಾನ್ಯವಾಗಿ ಮೂರನ್ನೂ ಕೂಡಿಸಲು ಬರುವುದಿಲ್ಲ, ಏಕೆಂದರೆ ದ್ವಿಪಕ್ಷೀಯ ಒಪ್ಪಂದವು ಸಹಿ ಹಾಕಿದ ಇಬ್ಬರನ್ನು ಮಾತ್ರ ಕಟ್ಟುತ್ತದೆ. ಮೂರನೆಯ ದೇಶದ ಅವಧಿಯೂ ಸಲ್ಲುತ್ತದೆ ಎಂದು ಅದರಲ್ಲಿ ಬಿಡಿಸಿ ಬರೆದಿದ್ದರಷ್ಟೇ ಆ ಅವಧಿ ಲೆಕ್ಕಕ್ಕೆ ಬರುತ್ತದೆ. ಹಲವು ದೇಶಗಳ ಅವಧಿಗಳನ್ನು ಒಂದೇ ಎಳೆಯಲ್ಲಿ ಪೋಣಿಸುವ ವ್ಯವಸ್ಥೆಗಳಲ್ಲಿ ಅತ್ಯಂತ ಬೆಳೆದದ್ದು ಐರೋಪ್ಯ ಒಕ್ಕೂಟದ್ದು. ಅಲ್ಲಿ 883/2004 ಸಂಖ್ಯೆಯ ನಿಯಮಾವಳಿ 2010ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಅದಕ್ಕೂ ಮುಂಚೆ 1971ರ ನಿಯಮಾವಳಿ ಇತ್ತು. ಅಷ್ಟು ದೀರ್ಘಕಾಲದ ರೂಢಿ ಇರುವುದರಿಂದ, ಒಂದು ವರ್ಷಕ್ಕಿಂತ ಕಡಿಮೆ ದುಡಿದ ದೇಶ ಪಿಂಚಣಿ ಕೊಡದಿದ್ದರೂ ಆ ತಿಂಗಳುಗಳು ವ್ಯರ್ಥವಾಗದಂತೆ ಉಳಿದ ದೇಶಗಳು ಅವನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೆಂಬಷ್ಟು ಸೂಕ್ಷ್ಮದವರೆಗೂ ಅಲ್ಲಿ ನಿಯಮವಿದೆ.

ಒಪ್ಪಂದ ಇದೆ ಎಂದಷ್ಟೇ ಕೇಳಿ ಸಮಾಧಾನಪಡುವಂತೆಯೂ ಇಲ್ಲ. ಕೆಲವು ಒಪ್ಪಂದಗಳ ಉದ್ದೇಶ ಒಬ್ಬ ನೌಕರನಿಂದ ಎರಡೂ ದೇಶಗಳು ಏಕಕಾಲದಲ್ಲಿ ವಂತಿಗೆ ಕಡಿಯುವುದನ್ನು ತಪ್ಪಿಸುವುದಷ್ಟೇ. ಜಪಾನ್ ಹಲವು ದೇಶಗಳ ಜೊತೆ ಒಪ್ಪಂದ ಮಾಡಿಕೊಂಡಿದೆ. ಆದರೆ ಬ್ರಿಟನ್, ದಕ್ಷಿಣ ಕೊರಿಯಾ ಮತ್ತು ಚೀನಾದ ಜೊತೆಗಿನ ಒಪ್ಪಂದಗಳಲ್ಲಿ ಅವಧಿ ಕೂಡಿಸುವ ಅವಕಾಶವಿಲ್ಲ. ಕಂಪನಿಗಳು ತಮ್ಮ ಅಧಿಕಾರಿಗಳನ್ನು ಎರಡು ಮೂರು ವರ್ಷಕ್ಕೆಂದು ಹೊರಗೆ ಕಳುಹಿಸುವಾಗ ಆಗುವ ಖರ್ಚನ್ನು ಉಳಿಸುವ ಒಪ್ಪಂದಗಳು ಬೇಗ ಆಗುತ್ತವೆ. ನಿಮ್ಮಂಥ ನರ್ಸಿನ ನಾಲ್ಕು ವರ್ಷವನ್ನು ಕಾಪಾಡುವ ಕಲಮು ಸೇರಿಸಲು ಮಾತುಕತೆ ವರ್ಷಗಟ್ಟಲೆ ಎಳೆಯುತ್ತದೆ. ಯಾರ ಬೆನ್ನಿಗೆ ಉದ್ಯಮದ ಬಲವಿದೆ ಎಂಬುದು ಕರಡಿನ ಪ್ರತಿ ಪುಟದಲ್ಲೂ ಕಾಣುತ್ತದೆ. ಕೊಲ್ಲಿ ರಾಷ್ಟ್ರಗಳ ಪರಿಸ್ಥಿತಿ ಇನ್ನೂ ಬೇರೆ: ಅಲ್ಲಿ ವಲಸೆ ಕಾರ್ಮಿಕರು ಬಹುತೇಕ ಪಿಂಚಣಿ ವ್ಯವಸ್ಥೆಯ ಒಳಗೇ ಇರುವುದಿಲ್ಲ, ಸೇವೆ ಮುಗಿದಾಗ ಒಂದು ಗಂಟು ಕೊಟ್ಟು ಕಳುಹಿಸುವುದು ವಾಡಿಕೆ. ಕೂಡಿಸಲು ಅವಧಿಯೇ ಇಲ್ಲದಿದ್ದರೆ ಯಾವ ಒಪ್ಪಂದವೂ ಏನನ್ನೂ ಕೂಡಿಸಲಾರದು.

ಹಣ ಹಿಂಪಡೆಯಬೇಡಿ ಎಂದು ಮೊದಲೇ ಹೇಳಿದ್ದಕ್ಕೆ ಕಾರಣ ಇಲ್ಲಿದೆ. ಒಮ್ಮೆಗೇ ಹಣ ಮರಳಿ ಪಡೆದರೆ ಆ ಅವಧಿ ದಾಖಲೆಯಿಂದ ಅಳಿಸಿಹೋಗುತ್ತದೆ. ಜಪಾನಿನಲ್ಲೂ ಜರ್ಮನಿಯಲ್ಲೂ ನಿಯಮ ಹೀಗೆಯೇ ಇದೆ. ಜರ್ಮನಿಯಲ್ಲಿ ಮರಳಿ ಸಿಗುವುದು ನೌಕರನ ಪಾಲು ಮಾತ್ರ, ಮಾಲೀಕ ಕಟ್ಟಿದ್ದು ಸಿಗುವುದಿಲ್ಲ. ಇವತ್ತು ಕೈಗೆ ಬರುವ ಗಂಟು ದೊಡ್ಡದಾಗಿ ಕಂಡರೂ, ಸಾಯುವತನಕ ಬರಬಹುದಾದ ತಿಂಗಳ ಮೊತ್ತವನ್ನು ಅದಕ್ಕೆ ಮಾರಿಕೊಂಡಂತಾಗುತ್ತದೆ. ಇನ್ನೊಂದೆಡೆ, ನಡುವಿನ ದೇಶಕ್ಕೂ ಈಗಿನ ದೇಶಕ್ಕೂ ಯಾವ ಒಪ್ಪಂದವೂ ಇಲ್ಲ, ಆಗುವ ಸೂಚನೆಯೂ ಇಲ್ಲ ಎಂದಾದರೆ ಹಿಂಪಡೆಯುವುದೇ ಸರಿ. ಹಿಂಪಡೆಯಲು ಕಾಲಮಿತಿ ಇದೆಯೇ ಎಂಬುದನ್ನೂ ಕೇಳಿ ತಿಳಿಯಿರಿ. ಕಾಯುತ್ತ ಕೂತು ಗಂಟನ್ನೂ ಕಳೆದುಕೊಂಡವರ ಅರ್ಜಿಗಳನ್ನು ನಾನು ನೋಡಿದ್ದೇನೆ. ಹಾಗಾಗಿ ಆ ಕಚೇರಿಗೆ ಇನ್ನೊಂದು ಪತ್ರ ಬರೆಯಿರಿ, ಆದರೆ ಪ್ರಶ್ನೆಯನ್ನು ಬದಲಿಸಿ. ನನಗೆ ಪಿಂಚಣಿ ಸಿಗುತ್ತದೆಯೇ ಎಂದು ಕೇಳುವ ಬದಲು, ನಾನು ಈಗಿರುವ ದೇಶದೊಂದಿಗಿನ ಒಪ್ಪಂದದ ಪ್ರಕಾರ ನನ್ನ ಅವಧಿಗಳನ್ನು ಕೂಡಿಸಿದರೆ ಅರ್ಹತೆ ಬರುತ್ತದೆಯೇ ಎಂದು ಕೇಳಿ. ಗುಮಾಸ್ತರು ಕೇಳಿದ ಪ್ರಶ್ನೆಗಷ್ಟೇ ಉತ್ತರಿಸುತ್ತಾರೆ. ಇದು ಯಾವ ದೇಶಕ್ಕೂ ಹೊರತಲ್ಲ.

ಪಿಂಚಣಿ ಮಂಜೂರಾಯಿತು ಎಂದಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪಡೆಯುವವರು ಐರೋಪ್ಯ ಒಕ್ಕೂಟದಲ್ಲೋ ಅಮೆರಿಕದಲ್ಲೋ ನೆಲೆಸಿದರೆ ಪ್ರತಿವರ್ಷ ಏರಿಕೆ ಸಿಗುತ್ತದೆ. ಕೆನಡಾದಲ್ಲೋ ಆಸ್ಟ್ರೇಲಿಯಾದಲ್ಲೋ ನೆಲೆಸಿದರೆ ಮೊದಲ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಒಂದೇ ಆಸ್ಪತ್ರೆಯಲ್ಲಿ ಜೊತೆಯಾಗಿ ದುಡಿದ ಇಬ್ಬರು ನಿವೃತ್ತರಾಗಿ ಎರಡು ದಿಕ್ಕಿಗೆ ಹೋದರೆ, ಇಪ್ಪತ್ತು ವರ್ಷದ ನಂತರ ಒಬ್ಬರ ಪಿಂಚಣಿ ಇನ್ನೊಬ್ಬರದರ ಅರ್ಧಕ್ಕೆ ಇಳಿದಿರಬಹುದು. ಇದನ್ನು ಪ್ರಶ್ನಿಸಿ ಪಿಂಚಣಿದಾರರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು; 2010ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಏರಿಕೆ ಎಂಬುದು ದೇಶಗಳು ಪರಸ್ಪರ ಮಾಡಿಕೊಳ್ಳುವ ಒಪ್ಪಂದದ ಫಲವೇ ಹೊರತು, ವಿದೇಶದಲ್ಲಿರುವ ಪ್ರತಿಯೊಬ್ಬ ಪಿಂಚಣಿದಾರನೂ ಸಮಾನತೆಯ ಹಕ್ಕಿನ ಹೆಸರಿನಲ್ಲಿ ಕೇಳಬಹುದಾದದ್ದಲ್ಲ ಎಂಬುದು ಆ ತೀರ್ಪಿನ ತಿರುಳು. ನಿಮ್ಮ ಸಂದರ್ಭದಲ್ಲಿ ಇದು ತಾತ್ವಿಕ ಚರ್ಚೆಯಾಗಿ ಉಳಿಯುವುದಿಲ್ಲ. ನಿವೃತ್ತಿಯ ನಂತರ ಎಲ್ಲಿರಬೇಕು ಎಂಬ ನಿರ್ಧಾರದಲ್ಲಿ ಅತಿ ಭಾರವಾದ ಅಂಶವಾಗಬಹುದು.

ಇನ್ನು ನಿಮ್ಮ ಬಂಧುಗಳ ಚುಚ್ಚುಮಾತು. ಅದರಲ್ಲಿ ಒಂದು ಸತ್ಯಾಂಶವಿದೆ, ಆದರೆ ಅದನ್ನು ತಪ್ಪು ವಿಳಾಸಕ್ಕೆ ಕಳುಹಿಸಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನ ಎಂಟು ನರ್ಸುಗಳಲ್ಲಿ ಒಬ್ಬರು ತಾವು ಹುಟ್ಟಿದ ಅಥವಾ ತರಬೇತಿ ಪಡೆದ ದೇಶದ ಹೊರಗೆ ಕೆಲಸ ಮಾಡುತ್ತಿದ್ದಾರೆ. ಶ್ರೀಮಂತ ದೇಶಗಳು ತಮ್ಮ ಮುಪ್ಪಿನ ಹೊರೆಯನ್ನು ಬಡ ದೇಶಗಳ ತರಬೇತಿಯ ಖರ್ಚಿನ ಮೇಲೆ ಇಳಿಸುತ್ತಿವೆ ಎಂಬ ಆಪಾದನೆಗೆ ಆಧಾರವಿದೆ. ಇದಕ್ಕೆ ಉತ್ತರವಾಗಿಯೇ ಅದೇ ಸಂಸ್ಥೆ 2010ರಲ್ಲಿ ಆರೋಗ್ಯ ಸಿಬ್ಬಂದಿಯ ಅಂತಾರಾಷ್ಟ್ರೀಯ ನೇಮಕಾತಿಗೆ ಒಂದು ಸಂಹಿತೆಯನ್ನು ಅಂಗೀಕರಿಸಿತು. ಸಿಬ್ಬಂದಿಯ ತೀವ್ರ ಕೊರತೆ ಇರುವ ದೇಶಗಳಿಗೆ ಏಜೆಂಟರನ್ನು ಕಳುಹಿಸಿ ನೇಮಕ ಮಾಡಿಕೊಳ್ಳಬಾರದು ಎಂಬುದು ಅದರ ಸಾರ. 2023ರ ಪಟ್ಟಿಯಲ್ಲಿ ಅಂಥ 55 ದೇಶಗಳಿದ್ದವು. ಈ ಸಂಹಿತೆ ನರ್ಸುಗಳು ದೇಶ ಬಿಡುವುದನ್ನೇ ನಿಷೇಧಿಸುತ್ತದೆ ಎಂಬುದು ತಪ್ಪು ತಿಳಿವಳಿಕೆ. ವ್ಯಕ್ತಿ ತಾನಾಗಿ ಅರ್ಜಿ ಹಾಕಿ ಹೋಗುವ ಹಕ್ಕನ್ನು ಅದು ಒಪ್ಪುತ್ತದೆ. ಕಡಿವಾಣ ಹಾಕಲು ನೋಡುವುದು ನೇಮಕ ಮಾಡಿಕೊಳ್ಳುವ ಸರ್ಕಾರಗಳಿಗೆ ಮತ್ತು ಏಜೆನ್ಸಿಗಳಿಗೆ. ಅದೂ ಸ್ವಯಂಪ್ರೇರಿತ, ಉಲ್ಲಂಘಿಸಿದರೆ ಶಿಕ್ಷೆ ಇಲ್ಲ, ದೇಶಗಳು ಮೂರು ವರ್ಷಕ್ಕೊಮ್ಮೆ ವರದಿ ಕೊಡಬೇಕು, ಅಷ್ಟೇ. ಹುಟ್ಟಿದ ದೇಶದಲ್ಲಿ ನರ್ಸಿನ ಹುದ್ದೆಗಳು ಖಾಲಿ ಬಿದ್ದಿದ್ದೂ ತುಂಬದೆ ಉಳಿದಿದ್ದರೆ, ಅದಕ್ಕೆ ಉತ್ತರ ಕೊಡಬೇಕಾದವರು ಬಜೆಟ್ ಮಾಡುವವರೇ ಹೊರತು ನೀವಲ್ಲ.

ಇದೇ ಜಾಡಿನಲ್ಲಿ ಇನ್ನೊಂದು ಜನಪ್ರಿಯ ನಂಬಿಕೆಯನ್ನೂ ಮುಟ್ಟಬೇಕು: ಯುವಜನರಿರುವ ದೇಶಗಳಿಂದ ಮುದಿಯಾಗುತ್ತಿರುವ ದೇಶಗಳಿಗೆ ಸಾಕಷ್ಟು ವಲಸೆ ನಡೆದರೆ ಸಮಸ್ಯೆ ಬಗೆಹರಿಯುತ್ತದೆ ಎಂಬುದು. ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗ 2000ದಲ್ಲಿ ಇದರ ಲೆಕ್ಕ ಹಾಕಿತ್ತು. ದುಡಿಯುವ ವಯಸ್ಸಿನವರ ಮತ್ತು 65 ದಾಟಿದವರ ನಡುವಣ ಅನುಪಾತವು 1995ರಲ್ಲಿ ಇದ್ದಂತೆಯೇ 2050ರಲ್ಲೂ ಇರಬೇಕಾದರೆ ದಕ್ಷಿಣ ಕೊರಿಯಾ ಒಂದಕ್ಕೇ ಸುಮಾರು 510 ಕೋಟಿ ವಲಸಿಗರು ಬೇಕಾಗುತ್ತಿತ್ತು. ಆಗ ಇಡೀ ಜಗತ್ತಿನ ಜನಸಂಖ್ಯೆಯೇ 600 ಕೋಟಿಯ ಆಸುಪಾಸಿನಲ್ಲಿತ್ತು. ವಲಸಿಗರಿಗೂ ವಯಸ್ಸಾಗುತ್ತದೆ ಎಂಬ ಸರಳ ಸಂಗತಿಯೇ ಈ ಲೆಕ್ಕವನ್ನು ಹೀಗೆ ಉಬ್ಬಿಸುವುದು. ವಲಸೆಯಿಂದ ಆಸ್ಪತ್ರೆಯ ವಾರ್ಡು ತುಂಬಬಹುದು, ದೇಶದ ವಯಸ್ಸನ್ನು ಇಳಿಸಲಾಗದು.

ವಾರ್ಡು ತುಂಬಿಸುವುದೂ ಸುಲಭವೇನಲ್ಲ. ಜಪಾನ್ 2008ರಿಂದ ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಆಮೇಲೆ ವಿಯೆಟ್ನಾಂ ದೇಶಗಳಿಂದ ನರ್ಸುಗಳನ್ನೂ ಆರೈಕೆದಾರರನ್ನೂ ಆರ್ಥಿಕ ಸಹಭಾಗಿತ್ವ ಒಪ್ಪಂದಗಳ ಮೂಲಕ ಕರೆಸಿಕೊಂಡಿತು. ಬಂದವರು ತಮ್ಮ ದೇಶದಲ್ಲಿ ಅನುಭವಿ ನರ್ಸುಗಳು. ಆದರೆ ಜಪಾನಿ ಭಾಷೆಯಲ್ಲಿ, ವೈದ್ಯಕೀಯ ಪದಗಳನ್ನು ಬರೆಯುವ, ಚೀನೀ ಮೂಲದ ಕಾಂಜಿ ಲಿಪಿಯನ್ನು ಓದಿ, ಅಲ್ಲಿನ ರಾಷ್ಟ್ರೀಯ ಪರೀಕ್ಷೆ ಪಾಸಾಗಬೇಕಿತ್ತು. 2009ರಲ್ಲಿ ಪರೀಕ್ಷೆಗೆ ಕೂತವರಲ್ಲಿ ಒಬ್ಬರೂ ಪಾಸಾಗಲಿಲ್ಲ. 2010ರಲ್ಲಿ ಪಾಸಾದವರು ಮೂರೇ ಮಂದಿ. ಪ್ರಶ್ನೆಪತ್ರಿಕೆಯ ಕಾಂಜಿ ಅಕ್ಷರಗಳ ಮೇಲೆ ಉಚ್ಚಾರಣೆಯನ್ನು ಸಣ್ಣ ಅಕ್ಷರಗಳಲ್ಲಿ ಕೊಡುವುದು, ಹೆಚ್ಚು ಸಮಯ ಕೊಡುವುದು ಮುಂತಾದ ಸಡಿಲಿಕೆಗಳು ಆಮೇಲೆ ಬಂದವು. ಒಪ್ಪಂದಕ್ಕೆ ಸಹಿ ಹಾಕಿದ ಮಂತ್ರಿಗಳ ಮನಸ್ಸಿಗೆ ಪರೀಕ್ಷಾ ಕೊಠಡಿ ಬಂದಿರಲಿಲ್ಲ ಎಂದು ನನಗನಿಸುತ್ತದೆ.

ದೇಶಗಳು ಒಂದರಿಂದ ಒಂದು ಕಲಿಯುವುದು ಸಹಕಾರದ ಇನ್ನೊಂದು ಮುಖ; ನನ್ನ ಅನುಭವದಲ್ಲಿ ದೀರ್ಘಕಾಲದ ಫಲ ಕೊಟ್ಟಿರುವುದು ಇದೇ. ಕೈಕಾಲು ಸೋತವರ ನಿತ್ಯದ ಆರೈಕೆಗೆಂದೇ ಜರ್ಮನಿ 1995ರಲ್ಲಿ ಕಡ್ಡಾಯ ವಿಮೆಯನ್ನು ತಂದಿತು. ಜಪಾನ್ ಅದನ್ನು ಕೂಲಂಕಷವಾಗಿ ಅಧ್ಯಯನ ಮಾಡಿ 2000ದಲ್ಲಿ ತನ್ನದನ್ನು ಆರಂಭಿಸಿತು. ಎರಡನ್ನೂ ನೋಡಿ ದಕ್ಷಿಣ ಕೊರಿಯಾ 2008ರಲ್ಲಿ ಹೆಜ್ಜೆಯಿಟ್ಟಿತು. ಇಲ್ಲಿ ಗಮನಿಸಬೇಕಾದದ್ದು ಜಪಾನ್ ಏನನ್ನು ತೆಗೆದುಕೊಳ್ಳಲಿಲ್ಲ ಎಂಬುದನ್ನು. ಮನೆಯಲ್ಲೇ ಆರೈಕೆ ಮಾಡುವ ಕುಟುಂಬಕ್ಕೆ ಜರ್ಮನಿಯಲ್ಲಿ ನಗದು ಭತ್ಯೆಯ ಆಯ್ಕೆ ಇದೆ. ಜಪಾನಿನಲ್ಲಿ ಈ ಅಂಶ ಚರ್ಚೆಗೆ ಬಂದಾಗ, ನಗದು ಕೊಟ್ಟರೆ ಸೊಸೆಯಂದಿರು ಆ ಚಿಲ್ಲರೆ ಹಣದ ನೆಪದಲ್ಲಿ ಮನೆಗೇ ಕಟ್ಟುಬೀಳುತ್ತಾರೆ, ಹಣ ಬೇಡ, ಸೇವೆಯನ್ನೇ ಕೊಡಿ ಎಂದು ಮಹಿಳಾ ಸಂಘಟನೆಗಳು ವಾದಿಸಿದವು; ವ್ಯವಸ್ಥೆ ಸೇವೆಯ ರೂಪದಲ್ಲಿಯೇ ಬಂತು. ಜರ್ಮನಿಯಲ್ಲಿ ಯಾವ ವಯಸ್ಸಿನವರಿಗೂ ಸಿಗುವ ಆರೈಕೆ, ಜಪಾನಿನಲ್ಲಿ ಮುಖ್ಯವಾಗಿ 65 ದಾಟಿದವರಿಗೆ. ವಂತಿಗೆ ಕಟ್ಟುವುದು ಶುರುವಾಗುವುದು 40ರಿಂದ, ಸುಮಾರು ಅರ್ಧ ಖರ್ಚು ತೆರಿಗೆ ಹಣದ್ದು. ನೆರೆಮನೆಯ ಅಂಗಿಯನ್ನು ತಂದು ಬಿಚ್ಚಿ ತನ್ನ ಅಳತೆಗೆ ಹೊಲಿದುಕೊಂಡಂತೆ.

ಬಿಚ್ಚಿ ನೋಡದೆ ತೊಟ್ಟುಕೊಂಡದ್ದರ ಉದಾಹರಣೆಯೂ ಇದೆ. ಚಿಲಿ ದೇಶ 1981ರಲ್ಲಿ ಸಾರ್ವಜನಿಕ ಪಿಂಚಣಿಯ ಬದಲು ಪ್ರತಿಯೊಬ್ಬರ ಹೆಸರಿನಲ್ಲಿ ಖಾಸಗಿ ಖಾತೆ ತೆರೆಯುವ ಪದ್ಧತಿಗೆ ಹೋಯಿತು. ವಿಶ್ವ ಬ್ಯಾಂಕ್ 1994ರ ತನ್ನ ವರದಿಯ ಮೂಲಕ ಈ ಬಗೆಯ ಖಾತೆಗಳನ್ನು ಜಗತ್ತಿಗೆಲ್ಲ ಶಿಫಾರಸು ಮಾಡಿತು, ಸಾಲ ಮತ್ತು ತಾಂತ್ರಿಕ ನೆರವನ್ನೂ ಅದಕ್ಕೆ ಜೋಡಿಸಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಲ್ಲಿ, ಪೂರ್ತಿಯಾಗಿಯೋ ಭಾಗಶಃವಾಗಿಯೋ ಈ ದಾರಿ ಹಿಡಿದ 30 ದೇಶಗಳ ಪೈಕಿ 18 ದೇಶಗಳು 2018ರ ಹೊತ್ತಿಗೆ ಹಿಂದಿರುಗಿದ್ದವು. ಅರ್ಜೆಂಟೀನಾ, ಹಂಗೇರಿ, ಪೋಲೆಂಡ್ ಅವುಗಳಲ್ಲಿ ಸೇರಿವೆ. ಆಡಳಿತದ ಖರ್ಚು ಹೆಚ್ಚಿತ್ತು, ಕೈಗೆ ಬಂದ ಪಿಂಚಣಿ ಕಡಿಮೆ ಇತ್ತು, ಹಳಬರ ಪಿಂಚಣಿಯನ್ನೂ ಹೊಸಬರ ಖಾತೆಯನ್ನೂ ಒಟ್ಟಿಗೆ ನಡೆಸುವ ಖರ್ಚು ಸರ್ಕಾರಗಳ ಸೊಂಟ ಮುರಿಯಿತು. ಹೆಂಗಸರಿಗೆ ಪೆಟ್ಟು ಹೆಚ್ಚು ಬಿತ್ತು, ಏಕೆಂದರೆ ಮಕ್ಕಳಿಗಾಗಿ, ಮುದುಕರಿಗಾಗಿ ಕೆಲಸ ಬಿಟ್ಟ ವರ್ಷಗಳಲ್ಲಿ ಖಾತೆಗೆ ಏನೂ ಬೀಳುವುದಿಲ್ಲ. ಅಂತಾರಾಷ್ಟ್ರೀಯ ಸಹಕಾರ ಎಂದರೆ ಸದಾ ಒಳ್ಳೆಯದೇ ಎಂದುಕೊಳ್ಳುವವರು ಈ ಅಧ್ಯಾಯವನ್ನು ಮರೆಯಬಾರದು.

ಈಗ ನೀವು ಓದಿದ ದಶಕ ಮತ್ತು ಒಪ್ಪಂದದ ವಿಚಾರ. ವೃದ್ಧಾಪ್ಯದ ಕುರಿತ ಮೊದಲ ವಿಶ್ವ ಸಮಾವೇಶ 1982ರಲ್ಲಿ ವಿಯೆನ್ನಾದಲ್ಲಿ ನಡೆಯಿತು. ಎರಡನೆಯದು 2002ರಲ್ಲಿ ಮ್ಯಾಡ್ರಿಡ್‌ನಲ್ಲಿ. ಮ್ಯಾಡ್ರಿಡ್‌ನ ಕ್ರಿಯಾಯೋಜನೆ ಹಿರಿಯರನ್ನು ಅಭಿವೃದ್ಧಿಯಲ್ಲಿ ಒಳಗೊಳ್ಳುವುದು, ಇಳಿವಯಸ್ಸಿನ ಆರೋಗ್ಯ, ಪೂರಕ ಪರಿಸರ ಎಂಬ ಮೂರು ದಿಕ್ಕುಗಳನ್ನು ಸೂಚಿಸಿತು ಮತ್ತು ಐದು ವರ್ಷಕ್ಕೊಮ್ಮೆ ಪರಾಮರ್ಶೆಯ ಪದ್ಧತಿಯನ್ನು ತಂದಿತು. ಈಗ ನಡೆಯುತ್ತಿರುವ 2021ರಿಂದ 2030ರವರೆಗಿನ ಆರೋಗ್ಯಕರ ವೃದ್ಧಾಪ್ಯದ ದಶಕದ ಮುಂದಾಳತ್ವ ವಿಶ್ವ ಆರೋಗ್ಯ ಸಂಸ್ಥೆಯದು. ಇವುಗಳಲ್ಲಿ ಯಾವುದೂ ಯಾವ ಸರ್ಕಾರವನ್ನೂ ಕಾನೂನಿನ ಕಟ್ಟಿಗೆ ಒಳಪಡಿಸುವುದಿಲ್ಲ. ಹಾಗೆಂದು ಇವನ್ನು ತಳ್ಳಿಹಾಕುವ ಪೈಕಿ ನಾನಲ್ಲ. ಮುಪ್ಪು ಶ್ರೀಮಂತ ದೇಶಗಳ ಚಿಂತೆ ಎಂಬ ಭ್ರಮೆಯನ್ನು ಒಡೆದದ್ದು ಈ ವೇದಿಕೆಗಳೇ. 65 ದಾಟಿದವರ ಪಾಲು ಶೇಕಡಾ 7ರಿಂದ 14ಕ್ಕೆ ಏರಲು ಫ್ರಾನ್ಸಿಗೆ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಜಪಾನಿಗೆ ಸುಮಾರು 24 ವರ್ಷ, ದಕ್ಷಿಣ ಕೊರಿಯಾಕ್ಕೆ ಸುಮಾರು 18 ವರ್ಷ ಸಾಕಾಯಿತು. 2050ರ ಹೊತ್ತಿಗೆ 60 ದಾಟಿದವರ ಸಂಖ್ಯೆ ಸುಮಾರು 210 ಕೋಟಿ ಆಗಲಿದ್ದು, ಅವರಲ್ಲಿ ಶೇಕಡಾ 80ರಷ್ಟು ಮಂದಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಇರುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈ ವೇದಿಕೆಗಳು ಇನ್ನೂ ಸರಿಪಡಿಸಬೇಕಾದ ಒಂದು ಸಂಗತಿ ಅಂಕಿಅಂಶಗಳದ್ದು. ಅನೇಕ ದೇಶಗಳ ಆರೋಗ್ಯ ನೀತಿಗೆ ಆಧಾರವಾದ ಮನೆ ಮನೆ ಸಮೀಕ್ಷೆಗಳಲ್ಲಿ ಹೆಂಗಸರ ಪ್ರಶ್ನಾವಳಿ 15ರಿಂದ 49 ವರ್ಷದವರಿಗೆ ಮಾತ್ರ. ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಹೃದ್ರೋಗ, ಕ್ಯಾನ್ಸರ್ ಮುಂತಾದವುಗಳಿಂದಾಗುವ ಅಕಾಲಿಕ ಸಾವನ್ನು ಅಳೆಯುವುದು 30ರಿಂದ 70ರ ನಡುವೆ. ನಿಮ್ಮ ತಾಯಿ ಈ ಎರಡೂ ಲೆಕ್ಕಗಳ ಹೊರಗಿದ್ದಾರೆ. ಎಣಿಸದ ಜನರಿಗೆ ಹಣ ಮೀಸಲಿಡುವ ಸರ್ಕಾರವನ್ನು ನಾನು ಕಂಡಿಲ್ಲ.

ಹೊಸ ಒಪ್ಪಂದದ ವಿಷಯದಲ್ಲಿ ನಿಮ್ಮ ಮಾಹಿತಿ ಸರಿಯಾಗಿದೆ. ವಿಶ್ವಸಂಸ್ಥೆಯ ಮಹಾಸಭೆ 2010ರಲ್ಲಿ ರಚಿಸಿದ ಕಾರ್ಯಗುಂಪು ಒಪ್ಪಂದ ಬೇಕೇ ಬೇಡವೇ ಎಂದು ಹದಿನಾಲ್ಕು ಅಧಿವೇಶನಗಳಲ್ಲಿ ಚರ್ಚಿಸಿತು. 2025ರ ಏಪ್ರಿಲ್ 3ರಂದು ಮಾನವ ಹಕ್ಕುಗಳ ಮಂಡಳಿ, ಮತದಾನವಿಲ್ಲದೆ, ಹಿರಿಯರ ಹಕ್ಕುಗಳ ಕುರಿತ ಕಾನೂನುಬದ್ಧ ಒಪ್ಪಂದದ ಕರಡು ರಚಿಸಲು ಬೇರೆಯೇ ಕಾರ್ಯಗುಂಪನ್ನು ನೇಮಿಸಿತು. ಕರಡು ಮುಗಿದು, ಅಂಗೀಕಾರವಾಗಿ, ದೇಶಗಳು ಅನುಮೋದಿಸಿ, ತಮ್ಮ ಕಾನೂನು ತಿದ್ದಿಕೊಳ್ಳಲು ಎಷ್ಟು ಕಾಲ ಬೇಕು? ಅಂಗವಿಕಲರ ಹಕ್ಕುಗಳ ಒಪ್ಪಂದದ ಮಾತುಕತೆ 2002ರಲ್ಲಿ ಆರಂಭವಾಗಿ 2006ರಲ್ಲಿ ಅಂಗೀಕಾರ, 2008ರಲ್ಲಿ ಜಾರಿ. ಅದನ್ನು ಬಹಳ ಬೇಗ ಆದದ್ದು ಎನ್ನುತ್ತಾರೆ. ಹಾಗಾಗಿ 82 ವರ್ಷದ ನಿಮ್ಮ ತಾಯಿಗೆ ಇದರ ಫಲ ಸಿಗುತ್ತದೆ ಎಂದು ನಾನು ಹೇಳಲಾರೆ, ನಿಮಗೆ ಸಿಗಬಹುದು. ಪ್ರಾದೇಶಿಕವಾಗಿ ಕೆಲವರು ಮುಂದಿದ್ದಾರೆ. ಅಮೆರಿಕ ಖಂಡಗಳ ದೇಶಗಳು 2015ರಲ್ಲಿ ಅಂಗೀಕರಿಸಿದ ಒಪ್ಪಂದದಲ್ಲಿ ದೀರ್ಘಾವಧಿ ಆರೈಕೆಯ ಹಕ್ಕು, ಚಿಕಿತ್ಸೆಗೆ ಮುನ್ನ ಹಿರಿಯರ ತಿಳಿವಳಿಕೆಯ ಒಪ್ಪಿಗೆ, ಗುಣವಾಗದ ಕಾಯಿಲೆಯಲ್ಲಿ ನೋವು ತಗ್ಗಿಸುವ ಉಪಶಾಮಕ ಆರೈಕೆ ಎಲ್ಲವೂ ಇವೆ. ಅಮೆರಿಕ ಸಂಯುಕ್ತ ಸಂಸ್ಥಾನವೂ ಕೆನಡಾವೂ ಅದಕ್ಕೆ ಸೇರಿಲ್ಲ. ಆಫ್ರಿಕ ಒಕ್ಕೂಟವೂ 2016ರಲ್ಲಿ ತನ್ನದೊಂದು ಒಡಂಬಡಿಕೆಯನ್ನು ಅಂಗೀಕರಿಸಿದೆ.

ತಾಯಿಯ ವಿಷಯದಲ್ಲಿ ಕಾಯಬಾರದ ಕೆಲಸ ಒಂದಿದೆ. ಮರೆವಿನ ಕಾಯಿಲೆ ಆರಂಭದಲ್ಲಿರುವಾಗ, ತಾವು ಏನು ಮಾಡುತ್ತಿದ್ದೇವೆ ಎಂಬ ಅರಿವು ಅವರಿಗೆ ಇರುವಾಗಲೇ, ತಮ್ಮ ಪರವಾಗಿ ಹಣ ಮತ್ತು ಚಿಕಿತ್ಸೆಯ ವಿಚಾರದಲ್ಲಿ ಯಾರು ನಿರ್ಧಾರ ಮಾಡಬೇಕು ಎಂಬುದನ್ನು ಅವರ ದೇಶದ ಕಾನೂನಿನ ಪ್ರಕಾರ ಬರೆಸಿ ನೋಂದಾಯಿಸಿ. ಮನಸ್ಸಿನ ಸಾಮರ್ಥ್ಯ ಕುಂದಿದ ಮೇಲೆ ಮಾಡಿಸಿದ ಪತ್ರಕ್ಕೆ ಬೆಲೆಯಿಲ್ಲ. ಸಾಮಾನ್ಯ ಪವರ್ ಆಫ್ ಅಟಾರ್ನಿ ಅನೇಕ ಕಡೆ, ಬರೆದುಕೊಟ್ಟವರ ಸಾಮರ್ಥ್ಯ ಹೋದೊಡನೆ ತಾನೂ ಬಿದ್ದುಹೋಗುತ್ತದೆ. ಆದ್ದರಿಂದ ಆಮೇಲೂ ಊರ್ಜಿತವಾಗಿ ಉಳಿಯುವ ಬಗೆ ಅಲ್ಲಿ ಯಾವುದೆಂದು ಸ್ಥಳೀಯ ವಕೀಲರನ್ನು ಕೇಳಿ. ಒಂದು ದೇಶದಲ್ಲಿ ಮಾಡಿಸಿದ ಇಂಥ ಪತ್ರ ಇನ್ನೊಂದು ದೇಶದಲ್ಲಿ ನಡೆಯುವಂತೆ ಮಾಡಲು 2000ದ ಹೇಗ್ ಒಪ್ಪಂದವೊಂದು ಇದೆ, 2009ರಿಂದ ಜಾರಿಯಲ್ಲಿದೆ. ಆದರೆ ಅದಕ್ಕೆ ಸೇರಿದವು ಬಹುತೇಕ ಯುರೋಪಿನ ದೇಶಗಳೇ. ತಾಯಿಯನ್ನು ನಿಮ್ಮಲ್ಲಿಗೆ ಕರೆತರುವ ಯೋಚನೆ ಇದ್ದರೆ, ಎರಡೂ ದೇಶಗಳಲ್ಲಿ ಬೇರೆಬೇರೆಯಾಗಿ ಪತ್ರ ಮಾಡಿಸುವುದು ಕ್ಷೇಮ. ಅವರನ್ನು ನೋಡಿಕೊಳ್ಳುವ ಆ ಹೆಂಗಸಿಗೆ ಲಿಖಿತ ಕರಾರು, ವಾರದ ರಜೆ ಮತ್ತು ಅಲ್ಲಿ ವ್ಯವಸ್ಥೆ ಇದ್ದರೆ ಸಾಮಾಜಿಕ ಭದ್ರತೆಯ ನೋಂದಣಿ ಮಾಡಿಸಿ. ಮನೆಗೆಲಸದವರ ಕುರಿತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2011ರ ಒಡಂಬಡಿಕೆ ಇವನ್ನೆಲ್ಲ ಹೇಳುತ್ತದೆ, ಅನುಮೋದಿಸಿದ ದೇಶಗಳು ಮಾತ್ರ ಇನ್ನೂ ಕಡಿಮೆ. ಇಲ್ಲಿ ನೀವೇ ಮಾಲೀಕರು, ಆದ್ದರಿಂದ ಸರ್ಕಾರದ ಅನುಮೋದನೆಗೆ ಕಾಯುವ ಅಗತ್ಯ ನಿಮಗಿಲ್ಲ.

ಉಳಿದದ್ದು ನಿಮ್ಮ ಮುಂದಿನ ಹತ್ತು ವರ್ಷ. ಈಗಲೇ ಕೆಲಸ ಬಿಟ್ಟು ತಾಯಿಯ ಬಳಿ ಹೋಗಬಹುದು. ಆಗ ಈಗಿನ ದೇಶದಲ್ಲಿ ನಿಮ್ಮ ಅವಧಿ 13ಕ್ಕೆ ನಿಲ್ಲುತ್ತದೆ, ಪಿಂಚಣಿ ಅಷ್ಟರ ಮಟ್ಟಿಗೆ ಸಣ್ಣದಾಗುತ್ತದೆ. ಹೋಗುವ ಮುನ್ನ, ಹೆತ್ತವರ ಆರೈಕೆಗಾಗಿ ಕಳೆದ ಅವಧಿಗೆ ಅಲ್ಲಿ ವಂತಿಗೆಯ ಮನ್ನಣೆ ಇದೆಯೇ, ಸ್ವಯಂಪ್ರೇರಿತವಾಗಿ ಕಟ್ಟಲು ಅವಕಾಶವಿದೆಯೇ ಎಂದು ವಿಚಾರಿಸಿ. ನಿವೃತ್ತಿಯವರೆಗೆ ಇದ್ದು ಆಮೇಲೆ ಹುಟ್ಟಿದ ದೇಶಕ್ಕೆ ಮರಳುವುದು ಇನ್ನೊಂದು ದಾರಿ. ಹಣದ ದೃಷ್ಟಿಯಿಂದ ಇದೇ ಮೇಲು ಎಂದು ಕಂಡರೂ, ಪಿಂಚಣಿ ಗಡಿ ದಾಟಿದಷ್ಟು ಸಲೀಸಾಗಿ ಆರೋಗ್ಯ ವಿಮೆಯಾಗಲಿ ಆರೈಕೆಯ ಸೌಲಭ್ಯವಾಗಲಿ ದಾಟುವುದಿಲ್ಲ ಎಂಬುದು ತಿಳಿದಿರಲಿ. ಐರೋಪ್ಯ ಒಕ್ಕೂಟದೊಳಗೆ ಪಿಂಚಣಿ ಕೊಡುವ ದೇಶವೇ ಚಿಕಿತ್ಸೆಯ ಖರ್ಚನ್ನೂ ವಾಸದ ದೇಶಕ್ಕೆ ತುಂಬಿಕೊಡುವ ವ್ಯವಸ್ಥೆ ಇದೆ. ಜರ್ಮನಿಯ ಆರೈಕೆ ವಿಮೆಯ ನಗದು ಭತ್ಯೆಯನ್ನು ಫ್ರಾನ್ಸಿನಲ್ಲಿ ವಾಸಿಸುವವರಿಗೂ ಕೊಡಬೇಕೆಂದು ಐರೋಪ್ಯ ನ್ಯಾಯಾಲಯ 1998ರಲ್ಲೇ ತೀರ್ಪಿತ್ತಿದೆ. ಅದರಾಚೆ ಇಂಥದ್ದು ಅಪರೂಪ. ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ದೇಶದ ಹೊರಗಿನ ಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಮುಪ್ಪಿನಲ್ಲಿ ಅತಿ ಹೆಚ್ಚು ಖರ್ಚು ಬರುವುದು ಕೊನೆಯ ಕೆಲವು ವರ್ಷಗಳ ಆರೈಕೆಗೆ. ಅಷ್ಟರಲ್ಲಿ ಹಕ್ಕು ಒಂದು ದೇಶದಲ್ಲಿ, ದೇಹ ಇನ್ನೊಂದು ದೇಶದಲ್ಲಿ ಎಂಬಂತಾಗಬಾರದು. ಈಗಿರುವ ದೇಶದಲ್ಲೇ ಕೊನೆಯವರೆಗೂ ಉಳಿದರೆ ಈ ತೊಡಕು ಬಹಳಮಟ್ಟಿಗೆ ತಪ್ಪುತ್ತದೆ, ಹತ್ತಿರದವರು ಯಾರಿರುತ್ತಾರೆ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ನನ್ನ ವೃತ್ತಿಯಲ್ಲಿ ಉತ್ತರವಿಲ್ಲ.

ಯಾವುದನ್ನೇ ಆರಿಸಿಕೊಂಡರೂ ದಾಖಲೆಗಳನ್ನು ಈ ವರ್ಷವೇ ಒಟ್ಟುಮಾಡಿ. ಮೂರೂ ದೇಶಗಳಿಂದ ವಂತಿಗೆಯ ಅಧಿಕೃತ ವಿವರಪಟ್ಟಿ ತರಿಸಿ, ನಿಮ್ಮ ಹಳೆಯ ಸಂಬಳದ ಚೀಟಿಗಳ ಜೊತೆ ತಾಳೆ ನೋಡಿ. ಬಿಟ್ಟುಹೋದ ತಿಂಗಳುಗಳು ಸಿಕ್ಕರೆ, ಹಳೆಯ ಆಸ್ಪತ್ರೆ ಮುಚ್ಚಿ ದಾಖಲೆ ಕಾಣೆಯಾಗುವ ಮೊದಲೇ ತಿದ್ದಿಸಿ. ಮದುವೆಯ ನಂತರ ಹೆಸರು ಬದಲಾಗಿದ್ದರೆ, ಒಂದೊಂದು ದೇಶದಲ್ಲಿ ಒಂದೊಂದು ಬಗೆಯ ಕಾಗುಣಿತವಿದ್ದರೆ ಅದನ್ನೂ ಈಗಲೇ ಸರಿಪಡಿಸಿ. ಅರ್ಜಿಗಳು ತಿಂಗಳುಗಟ್ಟಲೆ ನಿಲ್ಲುವುದು ಇಂಥ ಸಣ್ಣ ಕಾರಣಕ್ಕೆ. ಪಿಂಚಣಿಯ ವಯಸ್ಸು ಬಂದಾಗ ಮೂರು ದೇಶಗಳಿಗೆ ಓಡಾಡಬೇಕಾಗಿಲ್ಲ. ಒಪ್ಪಂದವಿರುವ ಕಡೆ, ನೀವು ವಾಸವಿರುವ ದೇಶದ ಸಂಪರ್ಕ ಕಚೇರಿಯಲ್ಲಿ ಒಂದೇ ಅರ್ಜಿ ಕೊಟ್ಟರೆ ಸಾಮಾನ್ಯವಾಗಿ ಸಾಕು, ಆ ದಿನಾಂಕವೇ ಇನ್ನೊಂದು ದೇಶದಲ್ಲೂ ಅರ್ಜಿಯ ದಿನಾಂಕವಾಗುತ್ತದೆ. ಆದರೆ ಬೇರೆ ದೇಶಗಳಲ್ಲಿ ದುಡಿದಿದ್ದೀರಾ ಎಂದು ಅರ್ಜಿಯಲ್ಲಿ ಕೇಳುವ ಕಾಲಂನಲ್ಲಿ ಎಲ್ಲ ದೇಶಗಳ ಹೆಸರನ್ನೂ, ಅಲ್ಲಿನ ನಿಮ್ಮ ಗುರುತಿನ ಸಂಖ್ಯೆಯನ್ನೂ ಬರೆಯಲೇಬೇಕು. ಆ ಕಾಲಂ ಖಾಲಿ ಬಿಟ್ಟರೆ ನಿಮ್ಮ ಪರವಾಗಿ ಯಾವ ಕಚೇರಿಯೂ ಆ ನಾಲ್ಕು ವರ್ಷಗಳನ್ನು ಹುಡುಕಿಕೊಂಡು ಹೋಗುವುದಿಲ್ಲ.